ಮಾರ್ಕೆಟ್ ಗೋಡೆಯ ಪಕ್ಕ ಎಳೆದ ಗೆರೆ

ಮೈಸೂರು ರೈಲ್ವೆ ಸ್ಟೇಷನ್ನಿನಲ್ಲಿ ಇಳಿದವರು ಧನ್ವಂತರಿ ರಸ್ತೆ, ದೇವರಾಜ ಮಾರ್ಕೆಟ್, ಚಿಕ್ಕಗಡಿಯಾರ, ದೊಡ್ಡಗಡಿಯಾರ ಹಾದು ಅರಮನೆಯವರೆಗೆ ನಡೆದೋ ಸೈಕಲ್ ತುಳಿದೋ ನಿಶ್ಚಿಂತೆಯಿಂದ ಹೋಗುವಂತಾಗಬೇಕು. ಅದಕ್ಕೊಂದು ದಾರಿ ಗುರುತಿಸಲು ನಾವು ನಾಲ್ವರು ಕೂತೆವು. ಇಡೀ ದಾರಿ ಸುಮಾರು ಎರಡು ಕಿಲೋಮೀಟರ್. ಮೊದಲ ನಕ್ಷೆ ಒಂದೇ ವಾರದಲ್ಲಿ ಮುಗಿಯಿತು. ತಿದ್ದಲು ಎಂಟು ತಿಂಗಳು ಹಿಡಿಯಿತು.

ಸಯ್ಯಾಜಿರಾವ್ ರಸ್ತೆಯಲ್ಲಿ ಮಾರ್ಕೆಟ್ ಗೋಡೆಗೆ ಅಂಟಿಕೊಂಡಂತೆ ನಾನು ಸೈಕಲ್ ಪಥದ ಗೆರೆ ಎಳೆದಿದ್ದೆ. ಟೇಪ್ ಹಿಡಿದು ಅಳೆದಾಗ ಜಾಗ ಧಾರಾಳವಾಗಿಯೇ ಇತ್ತು. ಹೂವಿನ ಕುಕ್ಕೆ ಮುಂದಿಟ್ಟುಕೊಂಡು ಕೂತಿದ್ದ ಅಜ್ಜಿಯೊಬ್ಬರು ಕೇಳಿದರು: "ಹತ್ತು ಗಂಟೆಗ್ ಬಂದ್ರೆ ಏನ್ ಕಾಣ್ತದವ್ವಾ? ಕೋಳಿ ಕೂಗೋ ಹೊತ್ಗೆ ಬಾ."

ಮರುದಿನ ಐದಕ್ಕೇ ಹೋದೆ. ನನ್ನ ಗೆರೆ ಇದ್ದ ಜಾಗದಲ್ಲಿ ಬಾಳೆಎಲೆಯ ಕಟ್ಟು, ಸೇವಂತಿಗೆ ಮೂಟೆ, ವೀಳ್ಯದೆಲೆಯ ಪಿಂಡಿ, ಸಾಲಾಗಿ ನಿಂತ ತಳ್ಳುಗಾಡಿಗಳು. ತಲೆಹೊರೆ ಹೊತ್ತವರಿಗೆ ಅದೊಂದೇ ಓಡಾಡುವ ದಾರಿ. ಅಲ್ಲಿ ಪಥ ಹಾಕಿದ್ದರೆ ಆ ಹೊರೆಗಳೆಲ್ಲ ವಾಹನಗಳ ನಡುವೆ ಇಳಿಯಬೇಕಾಗುತ್ತಿತ್ತು. ಪಥವನ್ನು ರಸ್ತೆಯ ಆಚೆ ಬದಿಗೆ ಸರಿಸಿ, ಗೋಡೆಯ ಪಕ್ಕ ಸರಕು ಇಳಿಸಲು ಜಾಗ ಬಿಟ್ಟೆವು. ಪ್ಲಾನಿಂಗ್ ಓದಿದ ಐದು ವರ್ಷದಲ್ಲಿ ಬೆಳಗಿನ ಐದು ಗಂಟೆಗೆ ಸರ್ವೆ ಮಾಡಿ ಎಂದು ನನಗೆ ಯಾರೂ ಹೇಳಿರಲಿಲ್ಲ.

ಧನ್ವಂತರಿ ರಸ್ತೆಗೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅವರಿಗೆ ಮಂಡಿ ನೋವು. ಪ್ರತಿ ಗೇಟಿನ ಮುಂದೆಯೂ ಫುಟ್‌ಪಾತ್ ಇಳಿದು ಮತ್ತೆ ಹತ್ತುತ್ತದೆ. ನಾಲ್ಕನೇ ಗೇಟಿಗೆ ಅಮ್ಮ "ಹತ್ತಿ ಇಳಿದು ಸಾಕಾಯ್ತು, ರಸ್ತೆಯೇ ವಾಸಿ" ಎಂದು ಕೆಳಗಿಳಿದುಬಿಟ್ಟರು. ಕೆ.ಆರ್. ಆಸ್ಪತ್ರೆಗೆ ಬರುವವರಲ್ಲಿ ಅವರಂಥವರೇ ಹೆಚ್ಚು. ಕರ್ಬ್, ಅಂದರೆ ಫುಟ್‌ಪಾತಿನ ಅಂಚುಕಲ್ಲು, 150 ಮಿಲಿಮೀಟರಿಗಿಂತ ಎತ್ತರ ಇರಬಾರದು, ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಬೇಕು ಎಂದು ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಹೇಳುತ್ತದೆ. ಎರಡನ್ನೂ ಪಾಲಿಸಿದೆವು. ಜೊತೆಗೆ ಗೇಟುಗಳ ಮುಂದೆ ಫುಟ್‌ಪಾತನ್ನು ಇಳಿಸದೆ, ವಾಹನಗಳೇ ಇಳಿಜಾರು ಹತ್ತಿ ಅದನ್ನು ದಾಟಿ ಒಳಗೆ ಹೋಗುವಂತೆ ಬದಲಿಸಿದೆವು. ಇಡೀ ಯೋಜನೆಯಲ್ಲಿ ನನಗೆ ಬಹಳ ಸಮಾಧಾನ ಕೊಟ್ಟ ತಿದ್ದುಪಡಿ ಇದು.

ಆಮೇಲೆ ದಸರಾ. ಸೈಕಲ್ ಪಥವನ್ನು ಕಾಂಕ್ರೀಟ್ ದಿಂಡಿನಿಂದ ಬೇರ್ಪಡಿಸುವುದೇ ಕ್ಷೇಮ. ಬಣ್ಣದ ಪಟ್ಟೆ ಮಾತ್ರ ಬಳಿದರೆ ಸಂಜೆಯೊಳಗೆ ಅಲ್ಲಿ ಸ್ಕೂಟರ್ ನಿಂತಿರುತ್ತದೆ. ಆದರೆ 750 ಕೆ.ಜಿ.ಯ ಅಂಬಾರಿ ಹೊತ್ತ ಆನೆ ಬನ್ನಿಮಂಟಪಕ್ಕೆ ಸಾಗುವುದು ಇದೇ ಸಯ್ಯಾಜಿರಾವ್ ರಸ್ತೆಯಲ್ಲಿ. ಎರಡೂ ಬದಿಯ ನೂಕುನುಗ್ಗಲಿನಲ್ಲಿ ಮೊಣಕಾಲೆತ್ತರದ ದಿಂಡು ಕಾಲಿಗೆ ತೊಡರಿದರೆ ಬಿದ್ದವರು ಏಳುವುದು ಕಷ್ಟ. ಹಾಗಾಗಿ ನೆಲದಲ್ಲಿ ಕೊಳವೆ ಹೂತು, ಬೇಕಾದಾಗ ಕಳಚಿಡಬಹುದಾದ ಕಂಬಗಳನ್ನು ಸೂಚಿಸಿದೆವು. ಕಂಬ ಕಿತ್ತಾಗ ಕೊಳವೆಗೆ ಮುಚ್ಚಳ.

ಒಂದು ಭಾನುವಾರ ಬೆಳಿಗ್ಗೆ ಸುಣ್ಣದ ಗೆರೆ ಎಳೆದು, ಅನುಮತಿ ಪಡೆದು ಕೋನ್ ಇಟ್ಟು ನೋಡಿದೆವು. ಶಾಲೆಯ ಮಕ್ಕಳು ಸೈಕಲ್ ತಂದರು. ಎದುರುಬದುರಾಗಿ ಬಂದವರ ಹ್ಯಾಂಡಲ್ ತಗುಲಿತು. ಎರಡು ಮೀಟರ್ ಇದ್ದ ಪಥವನ್ನು ಎರಡೂವರೆಗೆ ಹಿಗ್ಗಿಸಿದೆವು.

ಉಳಿದಿರುವುದು ಕೆ.ಆರ್. ಸರ್ಕಲ್. ಚಿಕ್ಕಗಡಿಯಾರದಿಂದ ದೊಡ್ಡಗಡಿಯಾರದ ಕಡೆಗೆ ನಡೆದು ಬರುವವರು ಎಲ್ಲಿ ದಾಟಬೇಕು, ಬಸ್ಸುಗಳು ಎಲ್ಲಿ ನಿಧಾನಿಸಬೇಕು ಎಂಬುದಕ್ಕೆ ಮೂರು ನಕ್ಷೆ ಬರೆದು ಮೂರನ್ನೂ ಅಳಿಸಿದ್ದೇನೆ. ಈ ವಾರ ಮತ್ತೆ ಅಲ್ಲಿಗೆ ಹೋಗುತ್ತಿದ್ದೇನೆ, ಈ ಸಲ ರಾತ್ರಿ ಒಂಬತ್ತರ ಮೇಲೆ.