ಕರೆಂಟ್ ಬಂದ ಕೂಡಲೇ ಪಿನ್ ಏನು ಮಾಡುತ್ತದೆ?

ತೀರ್ಥಹಳ್ಳಿ ಕಡೆ ಅಡಿಕೆ ತೋಟಕ್ಕೆ ನೀರು ಬಿಡುವುದು ಬೇಸಿಗೆಯಲ್ಲಿ. ಗುಡುಗು ಮಳೆಗೆ ಕರೆಂಟ್ ಹೋಗಿ ಬರುವುದೂ ಅದೇ ದಿನಗಳಲ್ಲಿ. ಹಾಗಾಗಿ ಭಾವನ ತೋಟದ ವಾಲ್ವ್‌ಗಳಿಗೆ ರಾಸ್ಪ್‌ಬೆರಿ ಪೈ 3 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಜೋಡಿಸುವಾಗ ನಾನು ಪ್ರೋಗ್ರಾಮ್ ಬರೆಯುವ ಮುಂಚೆ ಪಿನ್‌ಗಳನ್ನು ನೋಡಿದೆ. ಕರೆಂಟ್ ಬಂದಿದೆ, ಪ್ರೋಗ್ರಾಮ್ ಇನ್ನೂ ಶುರುವಾಗಿಲ್ಲ. ಆ ಹೊತ್ತಿನಲ್ಲಿ ಹೆಡರ್‌ನ, ಅಂದರೆ ಹೊರಗಿನ ವೈರ್ ಜೋಡಿಸುವ ಪಿನ್ ಸಾಲಿನ, ಯಾವ ಪಿನ್ ಹೇಗಿರುತ್ತದೆ?

ಭಾವ ಕೇಳಿದ್ದೂ ಅದನ್ನೇ. "ಮಧ್ಯರಾತ್ರಿ ಕರೆಂಟ್ ಬಂದ್ರೆ ಇದು ತಾನಾಗೇ ನೀರು ಬಿಡ್ತದಾ ಮಾರಾಯ?" ಟ್ಯಾಂಕ್ ಇರುವುದು ಗುಡ್ಡದ ಮೇಲೆ. ಪಂಪ್ ಬೇಡ, ಪಿನ್‌ಗೆ ವೋಲ್ಟೇಜ್ ಬಂದು ವಾಲ್ವ್ ತೆರೆದರೆ ನೀರು ಹರಿಯುತ್ತದೆ. ಬೋರ್ಡ್ ಸರಿಯಾಗಿ ಬೂಟ್ ಆದರೆ ಸ್ವಲ್ಪ ಹೊತ್ತಿನ ಮಾತು ಅಷ್ಟೇ. ಮೆಮೊರಿ ಕಾರ್ಡ್ ಕೆಟ್ಟು ಬೂಟ್ ಆಗದೇ ಹೋದರೆ ಪಿನ್ ಹಾಗೇ ಉಳಿಯುತ್ತದೆ, ಬೆಳಗಾಗುವಷ್ಟರಲ್ಲಿ ಟ್ಯಾಂಕ್ ಖಾಲಿ.

ಪೈ 3ರಲ್ಲಿ ಕರೆಂಟ್ ಬಂದಾಗ ಜಿಪಿಐಒ ಪಿನ್‌ಗಳು (ಪ್ರೋಗ್ರಾಮ್‌ನಿಂದ ಇನ್‌ಪುಟ್ ಅಥವಾ ಔಟ್‌ಪುಟ್ ಮಾಡಬಹುದಾದ ಪಿನ್‌ಗಳು) ಇನ್‌ಪುಟ್ ಆಗಿರುತ್ತವೆ. ಆದರೆ ಸುಮ್ನೆ ಇರುವುದಿಲ್ಲ. ಚಿಪ್ ಒಳಗೇ ಸುಮಾರು 50 ಕಿಲೋ ಓಮ್‌ನ ರೆಸಿಸ್ಟರ್ ಇದ್ದು, ಜಿಪಿಐಒ 0ಯಿಂದ 8ರವರೆಗಿನ ಪಿನ್‌ಗಳನ್ನು 3.3 ವೋಲ್ಟ್ ಕಡೆ ಎಳೆಯುತ್ತದೆ, 9ರಿಂದ 27ರವರೆಗಿನವನ್ನು ಗ್ರೌಂಡ್ ಕಡೆ. ನಾನು 12 ವೋಲ್ಟ್ ವಾಲ್ವ್ ನಡೆಸಲು ಮಾಸ್‌ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಬಳಸಿದ್ದೆ. ಅದನ್ನು ಆನ್ ಮಾಡುವ ಕಾಲು, ಅಂದರೆ ಗೇಟ್, ಕರೆಂಟ್ ಎಳೆಯುವುದೇ ಇಲ್ಲ ಅನ್ನಬಹುದು. ಹಾಗಾಗಿ ಜಿಪಿಐಒ 5ಕ್ಕೆ ಜೋಡಿಸಿದರೆ ಆ ಸಣ್ಣ ಎಳೆತವೇ ಸಾಕು, ಯಾರೂ ಹೇಳದೇ ವಾಲ್ವ್ ತೆರೆಯಬಹುದು. ಅದಕ್ಕೇ ಜಿಪಿಐಒ 17, 27, 22 ಆರಿಸಿದೆ. ಹೆಡರ್‌ನಲ್ಲಿ ಅವು 11, 13, 15ನೇ ಪಿನ್‌ಗಳು, ಒಂದೇ ಸಾಲು, ವೈರಿಂಗ್‌ಗೂ ಸುಲಭ.

ಒಳಗಿನ ರೆಸಿಸ್ಟರ್ ಒಂದನ್ನೇ ನಂಬಲಿಲ್ಲ. ಪ್ರತಿ ಗೇಟ್‌ನಿಂದ ಗ್ರೌಂಡ್‌ಗೆ 10 ಕಿಲೋ ಓಮ್ ಹಾಕಿದೆ. ಪೈಯಿಂದ ಬರುವ ವೈರ್ ಕಳಚಿ ಬಿದ್ದರೂ ಗೇಟ್ 0 ವೋಲ್ಟ್ ಹತ್ತಿರವೇ ಇರುತ್ತದೆ. ಜಿಪಿಐಒ 2 ಮತ್ತು 3ರಲ್ಲಿ ಮಾತ್ರ ಈ ಉಪಾಯ ನಡೆಯುವುದಿಲ್ಲ. ಐ2ಸಿಗಾಗಿ (ಸೆನ್ಸರ್‌ನಂಥವುಗಳ ಜೊತೆ ಮಾತಾಡುವ ಎರಡು ವೈರ್ ವ್ಯವಸ್ಥೆ) ಬೋರ್ಡ್ ಮೇಲೇ 1.8 ಕಿಲೋ ಓಮ್ ಪುಲ್-ಅಪ್, ಅಂದರೆ 3.3 ವೋಲ್ಟ್ ಕಡೆ ಎಳೆಯುವ ರೆಸಿಸ್ಟರ್, ಇದೆ, ಹತ್ತು ಕಿಲೋ ಓಮ್ ಹಾಕಿದರೂ 2.8 ವೋಲ್ಟ್ ಉಳಿಯುತ್ತದೆ. ಜಿಪಿಐಒ 14ನ್ನೂ ಬಿಟ್ಟೆ. ಸೀರಿಯಲ್ ಕನ್ಸೋಲ್ (ಬೋರ್ಡ್‌ನ ಮೆಸೇಜ್‌ಗಳನ್ನು ವೈರ್ ಮೂಲಕ ಹೊರಗೆ ಕಳಿಸುವ ವ್ಯವಸ್ಥೆ) ಆನ್ ಇದ್ದರೆ ಬೂಟ್ ಆಗುವಾಗ ಅಲ್ಲಿಂದ ಮೆಸೇಜ್‌ಗಳು ಹೋಗುತ್ತವೆ, ಅಲ್ಲಿ ವಾಲ್ವ್ ಇಟ್ಟರೆ ಪಟಪಟ ಅನ್ನುತ್ತದೆ ಅಲ್ವಾ?

ಕಾರ್ಡ್‌ನಲ್ಲಿರುವ ಬೂಟ್ ಕಾನ್ಫಿಗ್ ಫೈಲ್‌ನಲ್ಲೂ ನಾನು ಆರಿಸಿದ ಮೂರು ಪಿನ್ ಔಟ್‌ಪುಟ್, ಲೋ (0 ವೋಲ್ಟ್) ಎಂದು ಬರೆದಿದ್ದೇನೆ. ಒಳ್ಳೆಯದೇ. ಆದರೆ ಕರೆಂಟ್ ಬಂದ ಕೆಲವು ಸೆಕೆಂಡ್ ಆದ ಮೇಲೆ ಅದು ಜಾರಿಗೆ ಬರುತ್ತದೆ, ಕಾರ್ಡ್ ಕೆಟ್ಟರೆ ಬರುವುದೇ ಇಲ್ಲ. ರೆಸಿಸ್ಟರ್‌ಗೆ ಕಾರ್ಡ್ ಬೇಕಿಲ್ಲ.

ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಇನ್ನೊಂದು ಇಂಥದೇ ಬೋರ್ಡ್ ಇಟ್ಟುಕೊಂಡವರು ಇನ್ನೂ ಜಾಸ್ತಿ ನೋಡಿಕೊಳ್ಳಬೇಕು. ಪಿ8 ಹೆಡರ್‌ನ 31ರಿಂದ 46ರ ಪಿನ್‌ಗಳನ್ನು ಓದಿಯೇ ಅದು ಹೇಗೆ ಬೂಟ್ ಆಗಬೇಕೆಂದು ತೀರ್ಮಾನಿಸುತ್ತದೆ. ನಮ್ಮ ಸರ್ಕ್ಯೂಟ್ ಅವನ್ನು ಎಳೆದರೆ ಬೋರ್ಡ್ ಬೂಟ್ ಆಗದೇ ಹೋಗಬಹುದು.

ಪರೀಕ್ಷೆ ಸುಲಭ. ಕಾರ್ಡ್ ತೆಗೆದು ಪೈಗೆ ಕರೆಂಟ್ ಕೊಡಿ. ಮಲ್ಟಿಮೀಟರ್‌ನ ಕಪ್ಪು ವೈರ್ ಗ್ರೌಂಡ್‌ಗೆ, ಕೆಂಪು ವೈರ್ ಒಂದೊಂದು ಪಿನ್‌ಗೆ ತಾಗಿಸಿ, ಬಂದ ವೋಲ್ಟ್ ಬರೆದಿಟ್ಟುಕೊಳ್ಳಿ. ಆಮೇಲೆ ವಾಲ್ವ್ ಜೋಡಿಸಿ, ಕಾರ್ಡ್ ಇಲ್ಲದೆಯೇ ಮೇನ್ ಸ್ವಿಚ್ ಆಫ್ ಮಾಡಿ ಆನ್ ಮಾಡಿ. ಟಕ್ ಅನ್ನಬಾರದು.