ತಡಿಯ ಮೇಲೆ ಕೂತು ಆರಿಸಿದ ಕುದುರೆ

ಟೆಕ್ಸಾಸ್‌ಗೆ ಬಂದ ಮೇಲೆ ಸವಾರಿ ಕಲಿತವನು ನಾನು. ಸ್ವಂತ ಕುದುರೆ ಕೊಳ್ಳುವ ಆಸೆ ಬಂದಾಗ, ಮಾರಾಟಕ್ಕಿದ್ದ ಬೇರೆ ಬೇರೆ ತಳಿಗಳ ಮೇಲೆ ಕೂತು ನೋಡಿದೆ. ಒಂದು ತಳಿಯನ್ನು ಯಾವ ಕೆಲಸಕ್ಕೆಂದು ಬೆಳೆಸಿದ್ದರೋ ಅದು ಅದರ ನಡೆಯಲ್ಲೇ ಗೊತ್ತಾಗುತ್ತದೆ.

ಟೆನೆಸ್ಸೀ ವಾಕರ್ ಹತ್ತಿದಾಗ ಕುಲುಕಾಟವೇ ಇರಲಿಲ್ಲ. ದೊಡ್ಡ ತೋಟಗಳನ್ನು ದಿನವಿಡೀ ಸುತ್ತುವವರಿಗಾಗಿ ಬೆಳೆದ ತಳಿ ಅದು. ಹಿಂಗಾಲು ಮುಂಗಾಲಿನ ಗುರುತು ದಾಟಿ ಬೀಳುತ್ತದೆ, ತಲೆ ತೂಗುತ್ತಿರುತ್ತದೆ. ಸೊಂಟನೋವಿನವರು ಇದನ್ನೇ ನೋಡಲಿ. ಪ್ರದರ್ಶನದಲ್ಲಿ ಕಾಲು ಇನ್ನೂ ಮೇಲೆ ಎತ್ತಲಿ ಅಂತ ಇದೇ ಪಾಪದ ಪ್ರಾಣಿಯ ಕಾಲಿಗೆ ಉರಿಯುವ ರಾಸಾಯನಿಕ ಹಚ್ಚುತ್ತಿದ್ದರು. ಅದನ್ನು ತಡೆಯಲು 1970ರಲ್ಲಿ ಕಾನೂನೇ ಬರಬೇಕಾಯಿತು.

ಮಾರ್ಗನ್ ಚಿಕ್ಕದು, ಗಟ್ಟಿ. 1789ರಲ್ಲಿ ಹುಟ್ಟಿದ 'ಫಿಗರ್' ಎಂಬ ಒಂದೇ ಗಂಡು ಕುದುರೆಯಿಂದ ಬಂದ ವಂಶ. ನನಗೆ ಒಗ್ಗಲಿಲ್ಲ, ಅಷ್ಟೇ.

ಅಪ್ಪಾಲೂಸಾ ಚುಕ್ಕೆಗೆ ಯಾರಾದರೂ ಮರುಳಾಗುತ್ತಾರೆ ಅಲ್ವಾ? ಅಮೆರಿಕದ ಮೂಲನಿವಾಸಿಗಳಾದ ನೆಜ್ ಪರ್ಸ್ ಜನ ಸಾಕಿ ಬೆಳೆಸಿದ ಕುದುರೆಗಳಿವು. 1877ರ ಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆ ಅವರು ಸೋತ ಮೇಲೆ ಹಿಂಡುಗಳೂ ಚೆದುರಿದವು. ಗೊರಸಿನ ಮೇಲಿನ ಉದ್ದ ಪಟ್ಟೆ, ಮಚ್ಚೆಮಚ್ಚೆಯಾದ ಮೂತಿ ಇವುಗಳ ಗುರುತು. ಆದರೆ ಚುಕ್ಕೆ ತರುವ ಜೀನ್ ತಂದೆ ತಾಯಿ ಇಬ್ಬರಿಂದಲೂ ಬಂದರೆ ಇರುಳುಗುರುಡು ಬರುತ್ತದೆ. ಕೆಲಸ ಮುಗಿಸಿ ಸಂಜೆ ಸವಾರಿ ಮಾಡುವವನು ನಾನು. ಅದಕ್ಕೇ ಬಿಟ್ಟೆ.

ಕೊನೆಗೆ ಉಳಿದದ್ದು ಕ್ವಾರ್ಟರ್ ಹಾರ್ಸ್. ವರ್ಜೀನಿಯಾದ ಹಳೆಯ ವಲಸಿಗರು ಕಾಲು ಮೈಲಿ ಓಟದ ಪಂದ್ಯ ಆಡುತ್ತಿದ್ದರು, ಹೆಸರು ಅಲ್ಲಿಂದ. ಆಮೇಲೆ ಪಶ್ಚಿಮದ ದನಗಾಹಿಗಳು ಇದನ್ನು ಹಿಡಿದರು. ನಾನು ನೋಡಿದ್ದು 15 ಹ್ಯಾಂಡ್, ಅಂದರೆ ಭುಜದವರೆಗೆ ಐದಡಿ. ಹಿಂಭಾಗದ ತುಂಬ ಮಾಂಸಖಂಡ. ಮಾಲೀಕರು ಒಂದು ಕರುವನ್ನು ಹಿಂಡಿನಿಂದ ಬೇರೆ ಮಾಡಿ, ಲಗಾಮು ಸಡಿಲ ಬಿಡಿ ಅಂದರು. ಬಿಟ್ಟೆ. ಕರು ಎಡಕ್ಕೆ ತಿರುಗುವ ಮೊದಲೇ ಕುದುರೆ ಎಡಕ್ಕೆ ವಾಲಿತ್ತು. ನಾನು ತಡಿಯ ಕೊಂಬು ಹಿಡಿದುಕೊಂಡು ಸುಮ್ನೆ ಕೂತಿದ್ದೆ, ಅಷ್ಟೇ ನನ್ನ ಪಾಲು!

ಆದರೂ ದುಡ್ಡು ತೆಗೆಯಲಿಲ್ಲ. ವಂಶಾವಳಿಯ ಕಾಗದದಲ್ಲಿ ಹಿಂದೆಲ್ಲೋ 'ಇಂಪ್ರೆಸಿವ್' ಎಂಬ ಹೆಸರಿತ್ತು. 1968ರಲ್ಲಿ ಹುಟ್ಟಿದ ಆ ಗಂಡು ಕುದುರೆ ಮೈಕಟ್ಟಿಗೆ ಪ್ರಸಿದ್ಧ. ಅದರ ಸಂತಾನದಲ್ಲಿ ಎಚ್‌ವೈಪಿಪಿ ಎಂಬ ಸ್ನಾಯುರೋಗ ಹರಡಿದೆ. ಪೊಟ್ಯಾಸಿಯಂ ಜಾಸ್ತಿ ಇರುವ ಆಲ್ಫಾಲ್ಫಾ ಹುಲ್ಲು ತಿಂದರೂ ಸಾಕು, ಅಂಥ ಕುದುರೆಗೆ ನಡುಕ ಹತ್ತಬಹುದು, ಕೆಲವೊಮ್ಮೆ ಕುಸಿದು ಬೀಳಬಹುದು. ತಂದೆ ತಾಯಿಯಲ್ಲಿ ಒಬ್ಬರಿಂದ ಬಂದರೂ ರೋಗವೇ. ಕೂದಲನ್ನು ಬೇರು ಸಮೇತ ಕಿತ್ತು ಪರೀಕ್ಷೆಗೆ ಕಳಿಸಿದೆ. ವರದಿಯಲ್ಲಿ ಎನ್/ಎನ್, ಅಂದರೆ ಆ ರೋಗದ ಜೀನ್ ಇಲ್ಲ ಅಂತ ಬಂದ ಮೇಲೆಯೇ ಚೆಕ್ ಬರೆದೆ.