ನಮ್ಮ ಬ್ಯಾಂಕು ದೊಡ್ಡ ಬ್ಯಾಂಕಿಗೆ ಸೇರಿದಾಗ ನಾನು ಬ್ರಾಂಚ್ ಮ್ಯಾನೇಜರ್

2019ರ ಆಗಸ್ಟ್ 30, ಶುಕ್ರವಾರ. ಸಂಜೆ ಕ್ಯಾಶ್ ಟ್ಯಾಲಿ ಮಾಡುವ ಹೊತ್ತು. ನಮ್ಮ ಕ್ಯಾಷಿಯರ್ ನೋಟಿನ ಕಟ್ಟು ಕೆಳಗಿಟ್ಟು ಮೊಬೈಲ್ ನೋಡಿದರು. "ಮೇಡಂ, ನಮ್ಮ ಬ್ಯಾಂಕೂ ಹೋಯ್ತು" ಅಂದರು. ದಿಲ್ಲಿಯಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಆಗಷ್ಟೇ ಘೋಷಣೆ ಮಾಡಿದ್ದರು. ಸರ್ಕಾರಿ ವಲಯದ 10 ಬ್ಯಾಂಕುಗಳು ಸೇರಿ 4 ಆಗುತ್ತವೆ ಅಂತ. ಅದರಲ್ಲಿ ಕರಾವಳಿಯಲ್ಲಿ ಹುಟ್ಟಿದ ನಮ್ಮ ಬ್ಯಾಂಕೂ ಇತ್ತು.

ನಾನಿದ್ದದ್ದು ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ. ಬ್ಯಾಂಕಿನ ಹೆಸರು ಬರೆಯುವುದಿಲ್ಲ. ಇಲ್ಲಿ ಗ್ರಾಹಕರ ಮನೆಯ ವಿಷಯಗಳಿವೆ, ನಮ್ಮ ಸ್ಟಾಫಿನ ಕಣ್ಣೀರೂ ಇದೆ. ಆದರೆ ಒಂದು ಶಾಖೆಯ ಒಳಗೆ ನಿಂತು ನೋಡಿದರೆ ವಿಲೀನ ಹೇಗಿರುತ್ತದೆ, ನಾನು ಏನು ಮಾಡಿದೆ, ಎಲ್ಲಿ ತಪ್ಪಿದೆ ಅನ್ನುವುದನ್ನು ಬರೆದಿಡಬೇಕು ಅನ್ನಿಸಿತು.

ಸೋಮವಾರ ಗಣೇಶನ ಹಬ್ಬ. ಹಾಗಾಗಿ ಶನಿವಾರ ಬ್ರಾಂಚ್ ತುಂಬಾ ಜನ. ಹಬ್ಬಕ್ಕೆ ದುಡ್ಡು ತೆಗೆಯುವವರು ಅರ್ಧ, ಟಿವಿ ನೋಡಿ ಗಾಬರಿಯಾಗಿ ಬಂದವರು ಅರ್ಧ. ಎಲ್ಲರಿಗೂ ನಾನು ಒಂದೇ ಮಾತು ಹೇಳಿದೆ, "ಏನೂ ಬದಲಾಗಲ್ಲ, ಚಿಂತೆ ಮಾಡಬೇಡಿ." ಮಧ್ಯಾಹ್ನದ ಹೊತ್ತಿಗೆ ಒಬ್ಬರು ನಿವೃತ್ತ ಮೇಷ್ಟ್ರು ನನ್ನ ಎದುರು ಕುರ್ಚಿ ಎಳೆದುಕೊಂಡು ಕೂತರು. "ಮೇಡಂ, ಏನೂ ಬದಲಾಗದೇ ಇದ್ರೆ ಯಾಕೆ ಸೇರಿಸ್ತಾರೆ?" ಅಂತ ಕೇಳಿದರು. ಜಗಳದ ದನಿ ಅಲ್ಲ, ನಿಜವಾಗಿ ತಿಳಿಯಬೇಕಿತ್ತು ಅವರಿಗೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವತ್ತು ಸಂಜೆ ನಮ್ಮ ಅಟೆಂಡರ್ ಕೈಯಲ್ಲಿ 200 ಪುಟದ ಒಂದು ಲಾಂಗ್ ಬುಕ್ ತರಿಸಿದೆ. ಎಡಗಡೆ ಪುಟದಲ್ಲಿ ಯಾರು, ಏನು ಕೇಳಿದರು, ಯಾವತ್ತು. ಬಲಗಡೆ ಉತ್ತರ. ಉತ್ತರ ಗೊತ್ತಿಲ್ಲದಿದ್ದರೆ ಖಾಲಿ ಬಿಡುವುದು, ಸರ್ಕ್ಯುಲರ್ ಬಂದ ದಿನ ಬರೆದು ಆ ಮನುಷ್ಯರಿಗೆ ಫೋನ್ ಮಾಡುವುದು. "ಏನೂ ಬದಲಾಗಲ್ಲ" ಅನ್ನುವುದನ್ನು ಬಿಟ್ಟೆ. "ಇವತ್ತಿಗೆ ನಿಮ್ಮ ದುಡ್ಡು ಇದ್ದ ಹಾಗೇ ಇದೆ. ನೀವು ಕೇಳಿದ್ದು ನನಗೆ ಇನ್ನೂ ಗೊತ್ತಿಲ್ಲ, ಬರೆದುಕೊಂಡಿದ್ದೀನಿ" ಅನ್ನಲು ಶುರು ಮಾಡಿದೆ. ಮ್ಯಾನೇಜರ್ ಬಾಯಲ್ಲಿ "ಗೊತ್ತಿಲ್ಲ" ಬಂದರೆ ಜನ ಹೆದರುತ್ತಾರೆ ಅಂದುಕೊಂಡಿದ್ದೆ. ಆದದ್ದು ಉಲ್ಟಾ. ಬರೆದುಕೊಳ್ಳುವುದನ್ನು ಕಣ್ಣಾರೆ ನೋಡಿದವರು ಸಮಾಧಾನದಿಂದ ಹೋಗುತ್ತಿದ್ದರು.

ಈ ದಾರಿಯಲ್ಲಿ ನಡೆದವರು ಆಗಲೇ ಇದ್ದರು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಎಸ್‌ಬಿಐಗೆ ಸೇರಿತ್ತು. ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಕ್ಕೆ. ಎರಡೂ ಕಡೆ ನನಗೆ ಗೆಳತಿಯರಿದ್ದರು, ಇಬ್ಬರಿಗೂ ಫೋನ್ ಮಾಡಿದೆ. ಒಬ್ಬಳು ಹೇಳಿದ ಮಾತು ನನಗೆ ತುಂಬಾ ಸಹಾಯ ಮಾಡಿತು. "ಗ್ರಾಹಕರ ಬಗ್ಗೆ ಆಮೇಲೆ ಯೋಚನೆ ಮಾಡು. ಮೊದಲು ನಿನ್ನ ಸ್ಟಾಫನ್ನ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡು. ಮೀಟಿಂಗ್‌ನಲ್ಲಿ ಯಾರೂ ನಿಜ ಹೇಳಲ್ಲ."

ಹಾಗೇ ಮಾಡಿದೆ. ಸಂಬಳ ಕಮ್ಮಿ ಆಗುತ್ತೆ ಅನ್ನುವ ಭಯ ಹೆಚ್ಚು ಜನಕ್ಕೆ ಇರಲಿಲ್ಲ. ಈಗಿನದಕ್ಕಿಂತ ಕಡಿಮೆ ಅನುಕೂಲದ ಸಂಬಳ, ಭತ್ಯೆ ಕೊಡುವಂತಿಲ್ಲ ಅಂತ ಮುಂದೆ ವಿಲೀನದ ಸ್ಕೀಮಿನಲ್ಲೇ ಬರೆದು ಬಂತು. ಅವರ ಭಯಗಳೇ ಬೇರೆ. ಒಬ್ಬ ಕ್ಲರ್ಕ್ ಹುಡುಗಿಗೆ ವರ್ಗಾವಣೆಯ ಚಿಂತೆ. ಅವಳ ಅತ್ತೆ ಹಾಸಿಗೆ ಹಿಡಿದಿದ್ದರು. ಆಫೀಸರ್‌ಗೆ ಸೀನಿಯಾರಿಟಿ ಚಿಂತೆ, ಎರಡು ಬ್ಯಾಂಕಿನ ಪಟ್ಟಿ ಸೇರಿಸಿದರೆ ತಾನು ಎಲ್ಲಿ ಬೀಳುತ್ತೇನೋ ಅಂತ. ಅಟೆಂಡರ್‌ಗೆ ಇಪ್ಪತ್ತೆಂಟು ವರ್ಷದ ಸರ್ವಿಸ್. ಅವರು ಹೇಳಿದ್ದು ಒಂದೇ ಮಾತು. "ನನ್ನ ಮದುವೆ ಕಾಗದದಲ್ಲಿ ಹೆಸರಿನ ಕೆಳಗೆ ಈ ಬ್ಯಾಂಕಿನ ಹೆಸರು ಹಾಕಿಸಿದ್ದೆ ಮೇಡಂ." ಇದಕ್ಕೆ ಯಾವ ಸರ್ಕ್ಯುಲರ್ ಬರುತ್ತೆ? ಆ ಸಾಲನ್ನೂ ಬುಕ್ಕಿನಲ್ಲಿ ಬರೆದುಕೊಂಡೆ. ಬಲಗಡೆ ಪುಟ ಇವತ್ತಿಗೂ ಖಾಲಿ ಇದೆ.

ಎಲ್ಲರಿಗಿಂತ ಕಷ್ಟದಲ್ಲಿದ್ದವರು ನಮ್ಮ ಪಿಗ್ಮಿ ಕಲೆಕ್ಟರ್. ಅವರು ಸ್ಟಾಫ್ ಅಲ್ಲ, ಕಮಿಷನ್ ಮೇಲೆ ಬದುಕುವವರು. ಯಾವ ಕಾಗದದಲ್ಲೂ ಅವರ ಸುದ್ದಿ ಇರಲಿಲ್ಲ. ಪಿಗ್ಮಿ ಅನ್ನುವುದು ನಮ್ಮ ನೆಲದ ಯೋಜನೆ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಅನ್ನಿಸಿಕೊಂಡ ಸಂಸ್ಥೆ ದಿನಕ್ಕೆ ಎರಡಾಣೆಯಷ್ಟು ಸಣ್ಣ ದುಡ್ಡನ್ನೂ ಮನೆಬಾಗಿಲಲ್ಲಿ ಕಟ್ಟಿಸಿಕೊಳ್ಳಲು ಶುರು ಮಾಡಿತು. ಆಮೇಲೆ ಎಷ್ಟೋ ಬ್ಯಾಂಕು, ಸೊಸೈಟಿಗಳು ಅದನ್ನೇ ಹಿಡಿದವು. ಟೀ ಅಂಗಡಿಯವರು, ಹೂವಿನವರು, ಸೈಕಲ್ ಶಾಪಿನವರು ಬ್ಯಾಂಕಿನ ಮೆಟ್ಟಿಲು ಹತ್ತದೆ ಉಳಿತಾಯ ಮಾಡಿದ್ದು ಹೀಗೆ. ಘೋಷಣೆಯಾದ ತಿಂಗಳೊಳಗೆ ನಮ್ಮ ಕಲೆಕ್ಟರ್ ಹತ್ತಿರ ಹನ್ನೊಂದು ಜನ "ಖಾತೆ ಮುಚ್ಚಿ ಕೊಡಿ" ಅಂದರು. ಅವರ ಮುಖ ಸಣ್ಣಗಾಗಿತ್ತು.

ಒಂದು ಗುರುವಾರ, ಸಂತೆ ದಿನ, ನಾನೇ ಅವರ ಜೊತೆ ಹೊರಟೆ. ಬಸ್ ಸ್ಟ್ಯಾಂಡಿನಿಂದ ಶುರು ಮಾಡಿ ತರಕಾರಿ ಸಾಲಿನವರೆಗೆ, ಅಂಗಡಿ ಅಂಗಡಿಗೂ. ಒಬ್ಬ ಬಾಳೆಹಣ್ಣಿನ ಅಮ್ಮ ನನ್ನನ್ನು ಕೆಳಗಿಂದ ಮೇಲೆ ನೋಡಿ, "ಇವರು ಯಾರಪ್ಪ?" ಅಂತ ಕಲೆಕ್ಟರನ್ನೇ ಕೇಳಿದರು. "ನಮ್ಮ ಮ್ಯಾನೇಜರ್ ಅಮ್ಮ." "ಹಂಗಾದ್ರೆ ನೀನು ನಾಳೆನೂ ಬರ್ತೀಯಾ?" "ಬರ್ತೀನಿ." ಅಷ್ಟೇ. ಸೆರಗಿನ ಗಂಟು ಬಿಚ್ಚಿ ಇಪ್ಪತ್ತು ರೂಪಾಯಿ ಕೊಟ್ಟರು. ಮಷೀನಿನಿಂದ ಬಂದ ಚೀಟಿಯನ್ನು ತಕ್ಕಡಿಯ ಕೆಳಗಿಟ್ಟ ಡಬ್ಬಿಗೆ ಹಾಕಿದರು. ಡಬ್ಬಿ ತುಂಬಾ ಅಂಥವೇ ಚೀಟಿ, ಶಾಯಿ ಮಾಸಿ ಬೆಳ್ಳಗಾಗಿದ್ದವು. ಆ ಅಮ್ಮನಿಗೆ ಬ್ಯಾಂಕು ಅಂದರೆ ಈ ಮನುಷ್ಯ. ಬೋರ್ಡಿನ ಮೇಲಿನ ಹೆಸರನ್ನು ಅವರು ಎಂದೂ ಓದಿರಲಿಲ್ಲ. ಆ ಹನ್ನೊಂದು ಜನರಲ್ಲಿ ಎಂಟು ಜನ ಉಳಿದರು.

2020ರ ಫೆಬ್ರವರಿ 4ರಿಂದ ಠೇವಣಿ ವಿಮೆ, ಅಂದರೆ ಬ್ಯಾಂಕು ಮುಳುಗಿದರೆ ಠೇವಣಿದಾರರಿಗೆ ಸಿಗುವ ದುಡ್ಡಿನ ಮಿತಿ, 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಪೇಪರಿನಲ್ಲಿ ಓದಿದ ಮೇಷ್ಟ್ರು ಮತ್ತೆ ಬಂದರು. ನಮ್ಮಲ್ಲಿ ಅವರ ಎಫ್‌ಡಿ ಇತ್ತು. ನಾವು ಸೇರಲಿದ್ದ ಬ್ಯಾಂಕಿನಲ್ಲೂ ಒಂದು ಇತ್ತು. "ಎರಡು ಬ್ಯಾಂಕು ಒಂದಾದ್ರೆ ವಿಮೆ ಎರಡು ಸಲ ಸಿಗುತ್ತಾ?" ಇಲ್ಲ. ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ ಒಂದೇ ಮಿತಿ. ಒಂದಾದ ಮೇಲೆ ಎರಡೂ ಕಡೆಯ ದುಡ್ಡು ಕೂಡಿಸಿ ಲೆಕ್ಕ. ಹಾಗೇ ಹೇಳಿದೆ. ಎಫ್‌ಡಿ ಅವಧಿ ಮುಗಿದ ಮೇಲೆ ಅವರು ಅದನ್ನು ಪೋಸ್ಟ್ ಆಫೀಸಿಗೆ ಒಯ್ದರು. ರೀಜನಲ್ ಆಫೀಸಿನಿಂದ "ಡಿಪಾಸಿಟ್ ಯಾಕೆ ಹೋಯ್ತು" ಅಂತ ಫೋನ್ ಬಂತು. ನಾನು ಇದ್ದದ್ದು ಹೇಳಿದೆ. ಅದೇ ಮೇಷ್ಟ್ರು ಮುಂದಿನ ತಿಂಗಳು ಮಗಳ ಸಂಬಳದ ಖಾತೆ ನಮ್ಮಲ್ಲಿ ತೆರೆಸಿದರು.

ಮಾರ್ಚ್ 4ರಂದು ಕೇಂದ್ರ ಸಂಪುಟ ವಿಲೀನಕ್ಕೆ ಒಪ್ಪಿತು. ಏಪ್ರಿಲ್ 1ಕ್ಕೆ ದಿನ ಗೊತ್ತಾಯಿತು. ಹೊಸ ಬೋರ್ಡು, ಹೊಸ ಸೀಲು, ಶಾಮಿಯಾನ, ಸಿಹಿ ಅಂತೆಲ್ಲ ಯೋಜನೆ ಹಾಕಿಕೊಂಡಿದ್ದೆವು. ಮಾರ್ಚ್ 25 ಯುಗಾದಿ. ಅವತ್ತೇ ಲಾಕ್‌ಡೌನ್ ಶುರು. ಬೋರ್ಡು ಬರೆಯುವವರು ಬರಲಿಲ್ಲ. ಫ್ಲೆಕ್ಸ್ ಅಂಗಡಿ ಮುಚ್ಚಿತ್ತು. ಏಪ್ರಿಲ್ 1ರಂದು ವಾರ್ಷಿಕ ಲೆಕ್ಕಕ್ಕೆ ಗ್ರಾಹಕರಿಗೆ ಬಾಗಿಲು ಮುಚ್ಚಿದ್ದೆವು. ಮಾಸ್ಕ್ ಹಾಕಿಕೊಂಡು ಐದು ಜನ ಒಳಗೆ ಕೂತಿದ್ದೆವು. ಕ್ಲರ್ಕ್ ಹುಡುಗಿ ಎ4 ಹಾಳೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಹೊಸ ಬ್ಯಾಂಕಿನ ಹೆಸರು ಬರೆದು ಬಾಗಿಲಿಗೆ ಅಂಟಿಸಿದಳು. ನಮ್ಮ ಬ್ಯಾಂಕು ಮುಗಿದದ್ದು ಹಾಗೆ, ಒಂದು ಟೇಪಿನ ತುಂಡಿನಲ್ಲಿ. ಅಟೆಂಡರ್ ಹಳೆ ಸೀಲನ್ನು ಒಂದು ಬಿಳಿ ಹಾಳೆಯ ಮೇಲೆ ಒತ್ತಿ, ಆ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ನಾನು ನೋಡಿಯೂ ಸುಮ್ನೆ ಇದ್ದೆ.

ಏಪ್ರಿಲ್ 3ರಿಂದ ಜನಧನ್ ಖಾತೆಯ ಹೆಂಗಸರಿಗೆ 500 ರೂಪಾಯಿ ಬರತೊಡಗಿತು. ಖಾತೆ ನಂಬರಿನ ಕೊನೆಯ ಅಂಕೆ 0 ಅಥವಾ 1 ಇದ್ದವರಿಗೆ 3ನೇ ತಾರೀಕು, 2 ಮತ್ತು 3ಕ್ಕೆ 4ನೇ ತಾರೀಕು, ಹೀಗೆ 9ರವರೆಗೆ. ಬಾಗಿಲ ಮೇಲೆ ಬೇರೆ ಬ್ಯಾಂಕಿನ ಹೆಸರು ನೋಡಿದ ಹೆಂಗಸರು ದಂಗಾದರು. "ನಮ್ ಬ್ಯಾಂಕ್ ಎಲ್ಲಿ ಹೋಯ್ತು, ನಮ್ ದುಡ್ಡು ಎಲ್ಲಿ?" ಬೇಗ ತೆಗೆಯದಿದ್ದರೆ ದುಡ್ಡು ವಾಪಸ್ ಹೋಗುತ್ತೆ ಅನ್ನುವ ಸುದ್ದಿ ಬೇರೆ ಹಬ್ಬಿತ್ತು. ರಸ್ತೆಯಲ್ಲಿ ಸುಣ್ಣದಲ್ಲಿ ವೃತ್ತ ಬರೆದಿದ್ದೆವು, ಯಾರೂ ನಿಲ್ಲುತ್ತಿರಲಿಲ್ಲ. ಮೊದಲ ದಿನ ನಾನು ಮೈಕಿನಲ್ಲಿ ವಿಲೀನದ ವಿಷಯ ವಿವರಿಸಲು ಹೋದೆ. ಅದು ತಪ್ಪು, ಬಿಸಿಲಲ್ಲಿ ನಿಂತವರಿಗೆ ಅದೆಲ್ಲ ಬೇಡ. ಎರಡನೇ ದಿನ ಎರಡೇ ಮಾತು ಹೇಳಿದೆ. "ಹಳೇ ಪಾಸ್‌ಬುಕ್ಕೇ ನಡೆಯುತ್ತೆ. ದುಡ್ಡು ವಾಪಸ್ ಹೋಗಲ್ಲ, ಯಾವತ್ತು ಬೇಕಾದರೂ ತೆಗೀಬಹುದು." ಸ್ವಸಹಾಯ ಸಂಘದ ಇಬ್ಬರು ಹೆಣ್ಣುಮಕ್ಕಳನ್ನು ಸಾಲಿನ ಪಕ್ಕ ನಿಲ್ಲಿಸಿದೆ. ಅವರ ಬಾಯಿಂದ ಕೇಳಿದಾಗ ಜನ ನಂಬಿದರು. ಮಧ್ಯಾಹ್ನಕ್ಕೆ ಅರ್ಧ ಜನ ಮನೆಗೆ ಹೋಗಿದ್ದರು.

ಹೆಸರು ಒಂದಾದರೂ ಕಂಪ್ಯೂಟರು ಒಂದಾಗಲು ತುಂಬಾ ತಿಂಗಳು ಬೇಕಾಯಿತು. ಖಾತೆಗಳನ್ನು ದೊಡ್ಡ ಬ್ಯಾಂಕಿನ ವ್ಯವಸ್ಥೆಗೆ ಸಾಗಿಸಿದ ಮೇಲೆ ಹೊಸ ಐಎಫ್‌ಎಸ್‌ಸಿ (ದುಡ್ಡು ಕಳಿಸುವಾಗ ಬ್ರಾಂಚನ್ನು ಗುರುತಿಸುವ ಕೋಡ್), ಹೊಸ ಚೆಕ್ ಬುಕ್ ಬಂದವು. ಹಳೆಯವು ನಡೆಯುವುದಕ್ಕೆ ಒಂದು ಕೊನೆಯ ದಿನ ಇತ್ತು. ಎಲ್ಲರಿಗೂ ಎಸ್ಸೆಮ್ಮೆಸ್ ಹೋಗಿತ್ತು. ಆದರೆ ಅಡಿಕೆ ಕೊಯ್ಲಿನ ಕಾಲದಲ್ಲಿ ಮಲೆನಾಡಿನ ಮನೆಯಲ್ಲಿ ಇಂಗ್ಲಿಷ್ ಎಸ್ಸೆಮ್ಮೆಸ್ ಓದುವವರು ಯಾರು? ಹಾಗಾಗಿ ನಾವು ಪಟ್ಟಿ ಮಾಡಿದೆವು. ಅಡಿಕೆ ಬೆಳೆಗಾರರ ಸಹಕಾರ ಸಂಘ ಮ್ಯಾಮ್‌ಕೋಸ್‌ನಿಂದ ಅಡಿಕೆ ದುಡ್ಡು ಬರುವವರು. ಹಾಲಿನ ಡೇರಿಯಿಂದ ಬಟವಾಡೆ ಬರುವವರು. ಮಗ ಬೆಂಗಳೂರಿನಿಂದ ತಿಂಗಳು ತಿಂಗಳು ಕಳಿಸುವವರು. ಎಲ್‌ಐಸಿ ಪಾಲಿಸಿ ಮುಗಿಯಲು ಬಂದವರು. ದಿನಕ್ಕೆ ಮೂವತ್ತು ಫೋನ್ ಅಂತ ಹಂಚಿಕೊಂಡು ಒಬ್ಬೊಬ್ಬರಿಗೂ ಹೊಸ ನಂಬರ್ ಕಾಗದದಲ್ಲಿ ಬರೆದು ಕೊಟ್ಟೆವು. ಯಾರಿಗೆ ತೋರಿಸಬೇಕು ಅನ್ನುವುದನ್ನೂ ಅದರಲ್ಲೇ ಬರೆದೆವು.

ದುಡ್ಡು ಒಳಗೆ ಬರುವುದನ್ನಷ್ಟೇ ನಾನು ಯೋಚಿಸಿದ್ದೆ. ಹೊರಗೆ ಹೋಗುವುದು ತಲೆಗೆ ಹೊಳೆಯಲಿಲ್ಲ. ಮಂಡಿಯ ಒಬ್ಬರು ಯಜಮಾನರು ಲಾರಿ ಸಾಲಕ್ಕೆ ಬೇರೆ ಕಡೆ ಮುಂಗಡ ತಾರೀಕಿನ ಚೆಕ್ ಕೊಟ್ಟಿದ್ದರು, ಎಲ್ಲ ಹಳೆ ಚೆಕ್ಕು. ಕೊನೆಯ ದಿನ ದಾಟಿದ ಮೇಲೆ ಒಂದು ವಾಪಸ್ ಬಂತು. ಮೂವತ್ತು ವರ್ಷದಲ್ಲಿ ಅವರ ಒಂದು ಚೆಕ್ಕೂ ಬೌನ್ಸ್ ಆಗಿರಲಿಲ್ಲ. ಕೂಗಾಡಲಿಲ್ಲ ಅವರು. ಚೆಕ್ಕನ್ನು ನನ್ನ ಟೇಬಲ್ ಮೇಲಿಟ್ಟು ಕೈ ಕಟ್ಟಿ ಕೂತರು. ನಾನು ಅವರ ಜೊತೆ ಸಾಲ ಕೊಟ್ಟವರ ಆಫೀಸಿಗೆ ಹೋದೆ. ಖಾತೆಯಲ್ಲಿ ದುಡ್ಡಿತ್ತು, ಚೆಕ್ ಹಳೆಯದಾದ್ದರಿಂದ ವಾಪಸಾಯಿತು ಅಂತ ಬರೆದುಕೊಟ್ಟೆ. ಉಳಿದ ಚೆಕ್‌ಗಳನ್ನು ಬದಲಾಯಿಸಿಕೊಟ್ಟು ಬಂದೆವು. ಮರುದಿನವೇ ಚಾಲ್ತಿ ಖಾತೆಯವರಿಗೆಲ್ಲ ಫೋನ್ ಮಾಡಿ "ಯಾರಿಗಾದರೂ ಹಳೆ ಚೆಕ್ ಕೊಟ್ಟಿದ್ದೀರಾ?" ಅಂತ ಕೇಳಿದೆವು. ಇನ್ನೂ ಏಳು ಜನ ಸಿಕ್ಕರು. ಇದನ್ನು ಓದುವ ಮ್ಯಾನೇಜರುಗಳು ಯಾರಾದರೂ ಇಂಥ ಬದಲಾವಣೆಯ ನಡುವೆ ಇದ್ದರೆ, ಈ ಪಟ್ಟಿಯನ್ನು ಮೊದಲೇ ಮಾಡಿ.

ಕೊನೆಗೆ ಬಂದದ್ದು ಎಲ್ಲರೂ ಹೆದರಿದ್ದ ವಿಷಯ. ದೊಡ್ಡ ಬ್ಯಾಂಕಿನ ಬ್ರಾಂಚ್ ಅದೇ ರಸ್ತೆಯಲ್ಲಿ ಇನ್ನೂರು ಮೀಟರ್ ದೂರದಲ್ಲಿತ್ತು. ಎರಡು ಯಾಕೆ, ಒಂದು ಸಾಕು ಅಂತ ಆದೇಶ ಬಂತು. ಮುಚ್ಚಬೇಕಾದದ್ದು ನಮ್ಮದು. ಆ ಬ್ರಾಂಚಿನ ಮ್ಯಾನೇಜರ್ ನನಗಿಂತ ಚಿಕ್ಕವರು, ಒಳ್ಳೆಯವರು. ನಾನು ಅವರನ್ನು ಕೇಳಿಕೊಂಡದ್ದು ಒಂದೇ. ಒಂದು ತಿಂಗಳ ಮಟ್ಟಿಗೆ ನಮ್ಮ ಕ್ಯಾಷಿಯರ್ ಅವರ ಕೌಂಟರಿನಲ್ಲಿ ಕೂರಲಿ, ಅವರ ಒಬ್ಬರು ನಮ್ಮಲ್ಲಿ ಕೂರಲಿ. ಒಪ್ಪಿದರು. ಸ್ಥಳಾಂತರದ ದಿನ ನಮ್ಮ ಗ್ರಾಹಕರು ಆ ಬಾಗಿಲು ದಾಟಿದಾಗ ಗುರುತಿನ ಮುಖ ಎದುರಿಗೇ ಇತ್ತು.

ಚಿನ್ನದ ಸಾಲದ ಪೊಟ್ಟಣಗಳನ್ನು ಎರಡೂ ಕಡೆಯ ಅಧಿಕಾರಿಗಳ ಎದುರು, ಚಿನ್ನ ಪರೀಕ್ಷಿಸುವ ಅಪ್ರೈಸರನ್ನು ಕೂರಿಸಿಕೊಂಡು, ಒಂದೊಂದಾಗಿ ತೂಗಿ ಪಟ್ಟಿಗೆ ಹೊಂದಿಸಿದೆವು. ಇನ್ನೂರು ಮೀಟರ್ ದಾರಿಗೆ ಗನ್‌ಮ್ಯಾನ್ ಇರುವ ವ್ಯಾನ್. ಎರಡು ಭಾನುವಾರ ಹಿಡಿಯಿತು.

ಲಾಕರ್ ಮಾತ್ರ ನಾವಾಗಿ ಸಾಗಿಸುವಂತಿಲ್ಲ. ನಮ್ಮ ಮಾಸ್ಟರ್ ಕೀ, ಗ್ರಾಹಕರ ಕೀ, ಎರಡೂ ಬಿದ್ದರೇ ಬಾಗಿಲು ತೆರೆಯುವುದು. ಹಾಗಾಗಿ ಒಬ್ಬೊಬ್ಬರನ್ನೇ ಕರೆಸಬೇಕು, ಅವರೇ ತೆರೆದು, ಅವರೇ ಒಯ್ದು, ಅಲ್ಲಿ ಇಡಬೇಕು. 64 ಲಾಕರ್ ಬಾಡಿಗೆಗೆ ಇದ್ದವು. ಮುಹೂರ್ತ ನೋಡಿ ಬಂದವರಿದ್ದರು. ರಾಹುಕಾಲ ಕಳೆಯಲಿ ಅಂತ ನನ್ನ ಕ್ಯಾಬಿನ್ನಿನಲ್ಲಿ ಕಾದು ಕೂತವರಿದ್ದರು. ಒಬ್ಬ ಅಜ್ಜಿಯ ಲಾಕರಿನಲ್ಲಿ ಚಿನ್ನವೇ ಇರಲಿಲ್ಲ. ತೀರಿಕೊಂಡ ಯಜಮಾನರ ಕೈಬರಹದ ತೋಟದ ಲೆಕ್ಕದ ಪುಸ್ತಕಗಳು, ಕೆಂಪು ದಾರದಲ್ಲಿ ಕಟ್ಟಿ ಇಟ್ಟಿದ್ದರು. "ಮನೇಲಿ ಗೆದ್ಲು ಹಿಡಿಯುತ್ತೆ ಮಗಾ" ಅಂದರು. ಅವರ ಕೈ ಹಿಡಿದು ಆ ಇನ್ನೂರು ಮೀಟರ್ ನಾನೇ ನಡೆಸಿಕೊಂಡು ಹೋದೆ. ಪುಸ್ತಕದ ಗಂಟನ್ನು ಅಟೆಂಡರ್ ಹೊತ್ತರು.

ಕೊನೆಗೆ ಎರಡು ಉಳಿದವು. ಒಬ್ಬರು ಕೀ ಕಳೆದುಕೊಂಡಿದ್ದರು. ಕಂಪನಿಯ ಮೆಕ್ಯಾನಿಕ್ ಬಂದು ಅವರ ಎದುರೇ ಬಾಗಿಲು ಒಡೆದರು. ಇನ್ನೊಬ್ಬರು ಅಮೆರಿಕದಲ್ಲಿದ್ದ ಎಂಜಿನಿಯರ್, ಲಾಕರ್ ತಾಯಿ ಮತ್ತು ಅವರ ಜಂಟಿ ಹೆಸರಿನಲ್ಲಿತ್ತು. ತಾಯಿ ಹೋಗಿಬಿಟ್ಟಿದ್ದರು. ಅವರು ಊರಿಗೆ ಬರುವವರೆಗೆ ಖಾಲಿ ಬ್ರಾಂಚಿನಲ್ಲಿ ಆ ಒಂದು ಲಾಕರ್ ಕ್ಯಾಬಿನೆಟ್ಟು ನಿಂತಿತ್ತು. ಪ್ರತಿದಿನ ಸಂಜೆ ನಾನೂ ಆಫೀಸರೂ ಹೋಗಿ ಬೀಗ ನೋಡಿ ಬರುತ್ತಿದ್ದೆವು. ದೀಪಾವಳಿಗೆ ಅವರು ಬಂದರು, ತೆರೆದರು, ತಾಯಿಯ ಎರಡು ಬಳೆ ತೆಗೆದುಕೊಂಡರು. ಆಮೇಲೆ ನಾನು ಮೇನ್ ಸ್ವಿಚ್ ಆಫ್ ಮಾಡಿ, ಕೀಯನ್ನು ಕಟ್ಟಡದ ಮಾಲೀಕರಿಗೆ ಕೊಟ್ಟು ಸಹಿ ಹಾಕಿಸಿಕೊಂಡೆ.